ಹಾಯ್ಗಡದ ತೆನೆ

ಕಳೆದ ದೀಪಾವಳಿಯ ಬಿಡುವಿನಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ನಾಲ್ಕನೆಯ ಇಯತ್ತೆಯವರೆಗೆ ನಮ್ಮ ಕೈಯಲ್ಲಿ ಅಕ್ಷರ ತಿದ್ದಿದವನು. ಈಗ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಸಿಸುತ್ತಿದ್ದಾನೆ. ಚಕ್ಕುಲಿ ಉಂಡೆಗಳ ತಾಟನ್ನು ಮುಂದಿಟ್ಟರೆ ಅದನ್ನು ಬದಿಗೆ ಸರಿಸಿ, ಕಿಸೆಯಿಂದ ಒಂದು ಚೀಟಿಯನ್ನು ತೆಗೆದನು. "ಗುರುಗಳ, ಈ ಶಬ್ದ ಪುಸ್ತಕದಾಗ ಬಂದೈತ್ರಿ. ಇದಕ್ಕ ಕನ್ನಡದಾಗ ಏನಂತಾರ?" ಎಂದು ಕೇಳಿದನು. ಚೀಟಿಯ ಮೇಲೆ ಬರೆದಿದ್ದ ಶಬ್ದವು 'ಶಿಬೊಲೆತ್'.

ಮೂವತ್ತು ವರ್ಷ ಮಕ್ಕಳಿಗೆ ಶಬ್ದಾರ್ಥ ಬರೆಸಿದ ನಮಗೆ ಆ ಶಬ್ದದ ಅರ್ಥವು ತಿಳಿಯಲಿಲ್ಲ. ತಿಳಿಯದೆಂದು ಹೇಳುವುದಕ್ಕೆ ಶಿಕ್ಷಕನಾದವನು ನಾಚಬಾರದು. "ತಿಳೀದಪಾ, ನೋಡಿ ಹೇಳ್ತೀನಿ" ಎಂದೆವು. ಅವನು ಉಂಡೆಯನ್ನು ತಿಂದು ಹೋದನು; ಶಬ್ದವು ನಮ್ಮಲ್ಲಿಯೇ ಉಳಿಯಿತು. ಅದರ ಬೆನ್ನು ಹತ್ತಿ ಹೋದ ನಾವು ಎಲ್ಲಿಗೆ ಹೋಗಿ ತಲುಪಿದೆವೆಂಬುದನ್ನು ಓದುಗರ ಮುಂದೆ, ಅದರಲ್ಲಿಯೂ ನಮ್ಮಂತೆಯೇ ಖಡು ಹಿಡಿದು ನಿಲ್ಲುವ ಶಿಕ್ಷಕ ಬಂಧುಗಳ ಮುಂದೆ, ಇಡಬೇಕೆಂದು ಈ ಬರಹ.

ಇಂಗ್ಲಿಷಿನಲ್ಲಿ ಬಳಕೆಯಲ್ಲಿದ್ದರೂ ಅದು ಇಂಗ್ಲಿಷ್ ಶಬ್ದವಲ್ಲ. ಯಹೂದಿಗಳ ಪ್ರಾಚೀನ ಭಾಷೆಯಾದ ಹೀಬ್ರೂವಿನಿಂದ ಬಂದುದು. ಅಲ್ಲಿ ಅದಕ್ಕೆ ಎರಡು ಅರ್ಥಗಳುಂಟು. ಮೊದಲನೆಯದು ಧಾನ್ಯದ ತೆನೆ. ಎರಡನೆಯದು ಹರಿಯುವ ತೊರೆ. ಇದನ್ನು ಓದಿದಾಗ ನಮಗೆ ಒಂದು ಬಗೆಯ ಮುಗುಳುನಗೆ ಬಂದಿತು. ನಮ್ಮ ಜತ್ತ ತಾಲೂಕಿನಲ್ಲಿ ಹುಟ್ಟಿದವರಿಗೆ ಬದುಕೆಂದರೆ ಈ ಎರಡೇ ಅಲ್ಲವೆ? ಮಳೆ ಬಿದ್ದ ವರುಷ ತೆನೆ. ಬೀಳದ ವರುಷ ತೊರೆಯ ಮರಳಿನಲ್ಲಿ ತೋಡಿದ ಒರತೆ.

ಆದರೆ ತೆನೆಯೆಂಬ ಮಂಗಲಕರವಾದ ಶಬ್ದವು ಇಂಗ್ಲಿಷಿಗೆ ಬಂದ ಬಗೆಯು ಮಂಗಲಕರವಾದುದಲ್ಲ. ವಿಜಾಪುರದ ಕ್ರೈಸ್ತ ಮಿತ್ರರೊಬ್ಬರು ಕಳುಹಿಸಿದ ಕನ್ನಡ ಬೈಬಲ್ಲಿನಲ್ಲಿ 'ನ್ಯಾಯಸ್ಥಾಪಕರು' ಎಂಬ ಭಾಗದ ೧೨ನೆಯ ಅಧ್ಯಾಯವನ್ನು ತೆರೆದು ನೋಡಿದೆವು. ಜೋರ್ಡಾನ್ ನದಿಯ ಪೂರ್ವಕ್ಕೆ ಗಿಲ್ಯಾದಿನವರು, ಪಶ್ಚಿಮಕ್ಕೆ ಎಫ್ರಾಯೀಮಿನವರು. ಇಬ್ಬರೂ ಇಸ್ರಾಯೇಲರೇ, ಒಂದೇ ದೇವರು, ಒಂದೇ ಮೂಲಪುರುಷ, ಹೆಚ್ಚುಕಡಿಮೆ ಒಂದೇ ನುಡಿ. ಯಾವುದೋ ಮಾತಿಗೆ ಮಾತು ಬೆಳೆದು ಕಾಳಗವಾಯಿತು. ಎಫ್ರಾಯೀಮಿನವರು ಸೋತು, ನದಿಯನ್ನು ದಾಟಿ ಮನೆ ಸೇರಲು ಓಡಿದರು. ಅಷ್ಟರಲ್ಲಿಯೇ ಗಿಲ್ಯಾದಿನವರು ನದಿಯ ಹಾಯ್ಗಡಗಳನ್ನು ಹಿಡಿದು ನಿಂತಿದ್ದರು. ಬಂದವರ ಮೋರೆ ನೋಡಿ ಇವನು ತಮ್ಮವನೋ ಪರನೋ ಎಂದು ತಿಳಿಯುವಂತಿರಲಿಲ್ಲ. ಮೋರೆಗಳು ಒಂದೇ ಬಗೆಯವು. ಆದುದರಿಂದ ಪ್ರತಿಯೊಬ್ಬನಿಗೂ 'ಶಿಬ್ಬೋಲೆತ್' ಎಂದು ಹೇಳು ಎಂದರು. ಎಫ್ರಾಯೀಮಿನವರ ನಾಲಗೆಗೆ 'ಶ'ಕಾರವು ಹೊರಳುತ್ತಿರಲಿಲ್ಲ. ಅವರು 'ಸಿಬ್ಬೋಲೆತ್' ಎಂದರು. ಹಾಗೆಂದವರನ್ನು ಹಿಡಿದು ಹಾಯ್ಗಡದಲ್ಲಿಯೇ ಕೊಂದರು. ಆ ಕಾಲದಲ್ಲಿ ಬಿದ್ದವರು ೪೨,೦೦೦ ಜನರೆಂದು ಗ್ರಂಥವು ಹೇಳುತ್ತದೆ.

ಸಂಖ್ಯೆಯ ಮಾತು ಹಾಗಿರಲಿ. ನಮ್ಮನ್ನು ತಡೆದು ನಿಲ್ಲಿಸಿದ್ದು ಬೇರೊಂದು ಸಂಗತಿ. ಅವರು ಕೇಳಿದ ಶಬ್ದದ ಅರ್ಥ ಯಾರಿಗೂ ಬೇಕಾಗಿರಲಿಲ್ಲ. ತೆನೆಯಾಗಲಿ, ತೊರೆಯಾಗಲಿ, ಅಲ್ಲಿ ನಡೆಯುತ್ತಿತ್ತು. ಅರ್ಥವು ಸತ್ತು ಬರಿಯ ಧ್ವನಿ ಉಳಿದಾಗ ಶಬ್ದವು ಕತ್ತಿಯಾಗುತ್ತದೆ.

ಈ ಕಥೆಯನ್ನು ನಮ್ಮ ತರಗತಿಯಲ್ಲಿಯೂ ಹೇಳಿದೆವು. ಇಂಗ್ಲಿಷಿನಲ್ಲಿ ತೆನೆಗೆ 'ಇಯರ್' ಎನ್ನುತ್ತಾರೆಂದು ತಿಳಿಸಿದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು, "ಜ್ವಾಳಕ್ಕ ಕಿವಿ ಇರ್ತಾವೇನ್ರಿ ಗುರುಗಳ?" ಎಂದು ಕೇಳಿಬಿಟ್ಟಳು. ವಾಸ್ತವವಾಗಿ ಅವೆರಡೂ ಬೇರೆ ಬೇರೆ ಶಬ್ದಗಳು. ಕಾಲಕ್ರಮದಲ್ಲಿ ಸವೆದು ಒಂದೇ ರೂಪವನ್ನು ತಾಳಿದಂಥವು. ಆದರೆ ಆ ಮಗುವಿನ ಮಾತು ಪೂರ್ತಿ ತಪ್ಪೆಂದು ನಮಗೆ ಅನಿಸಲಿಲ್ಲ. ಹಾಯ್ಗಡದಲ್ಲಿ ತೆನೆಗೆ ನಿಜವಾಗಿಯೂ ಕಿವಿ ಮೂಡಿದ್ದಿತು.

ಇನ್ನು ಶಬ್ದದ ಮುಂದಿನ ಪಯಣವನ್ನು ನೋಡೋಣ. ಇಂಗ್ಲಿಷ್ ಬೈಬಲ್ಲಿನ ಅನುವಾದಕರು ಅದನ್ನು ಅನುವಾದಿಸದೆ ಹಾಗೆಯೇ ಇಟ್ಟರು. ೧೬೧೧ರ ಪ್ರಸಿದ್ಧ ಅನುವಾದದಲ್ಲಿಯೂ ಅದು ಮೂಲರೂಪದಲ್ಲಿಯೇ ಇದೆ. ಹದಿನೇಳನೆಯ ಶತಮಾನದಲ್ಲಿ ಅದು ಧರ್ಮಗ್ರಂಥದ ಹೊಸ್ತಿಲನ್ನು ದಾಟಿ ಲೋಕದ ಮಾತಾಯಿತು. ೧೬೭೧ರಲ್ಲಿ ಪ್ರಕಟವಾದ ಮಿಲ್ಟನ್ ಮಹಾಕವಿಯ 'ಸ್ಯಾಮ್ಸನ್ ಅಗೊನಿಸ್ಟೀಸ್' ಎಂಬ ದುರಂತ ಕಾವ್ಯದಲ್ಲಿ ಈ ಪ್ರಸಂಗದ ಉಲ್ಲೇಖವಿದೆ. ಮೊದಮೊದಲು ಅದರ ಅರ್ಥವು 'ಪರಕೀಯನನ್ನು ಹಿಡಿದು ಕೊಡುವ ಉಚ್ಚಾರ' ಎಂದಷ್ಟೇ ಇದ್ದಿತು. ಬಳಿಕ ಉಚ್ಚಾರವೇ ಆಗಬೇಕೆಂದಿಲ್ಲ. ಉಡುಗೆಯಾಗಲಿ, ಊಟದ ರೀತಿಯಾಗಲಿ, ಒಂದು ಗುಂಪಿನವನೆಂದು ಗುರುತು ಹೇಳುವ ಯಾವುದೇ ಲಕ್ಷಣಕ್ಕೂ ಆ ಹೆಸರು ಬಂದಿತು. ಮುಂದೆ ಪಂಗಡಗಳೂ ಪಕ್ಷಗಳೂ ತಮ್ಮವರನ್ನು ಗುರುತಿಸಿಕೊಳ್ಳಲು ಪದೇ ಪದೇ ನುಡಿಯುವ ಘೋಷವಾಕ್ಯಕ್ಕೆ ಆ ಶಬ್ದವು ಸಂದಿತು. ಹಾಗೆ ನುಡಿದು ನುಡಿದು ಸವೆದ ಮೇಲೆ, ಯಾರೂ ಮನಸಾರೆ ನಂಬದೆ ಬಾಯಿಮಾತಿಗೆ ಹೇಳುವ ಹಳಸಿದ ಸಿದ್ಧಾಂತಕ್ಕೂ ಅದೇ ಹೆಸರಾಯಿತು. ನಮ್ಮ ಕಾಲಕ್ಕೆ ಬಂದರೆ ಇನ್ನೂ ಒಂದು ಸೋಜಿಗ. ೨೦೦೦ನೆಯ ಇಸವಿಯಲ್ಲಿ ಅಮೇರಿಕೆಯ ವಿಶ್ವವಿದ್ಯಾಲಯಗಳ ಕೂಟವೊಂದು ಗಣಕಯಂತ್ರಕ್ಕಾಗಿ ಒಂದು ವ್ಯವಸ್ಥೆಯನ್ನು ಆರಂಭಿಸಿ, ಅದಕ್ಕೆ ಈ ಹೆಸರನ್ನೇ ಇಟ್ಟಿತು. ತನ್ನ ವಿದ್ಯಾಲಯದಲ್ಲಿ ಗುರುತು ಇರುವ ವಿದ್ಯಾರ್ಥಿಗೆ ಅದೇ ಗುರುತಿನಿಂದ ಪರಸಂಸ್ಥೆಯ ಗ್ರಂಥಭಂಡಾರವೂ ತೆರೆಯುವಂತೆ ಮಾಡುವುದು ಅದರ ಕೆಲಸ. ಬಾಗಿಲು ಮುಚ್ಚಲು ಹುಟ್ಟಿದ ಮಾತು ಈಗ ಬಾಗಿಲು ತೆರೆಯುವ ಕೀಲಿಯೂ ಆಗಿದೆ.

ಇಂಥ ಪರೀಕ್ಷೆಯು ಜೋರ್ಡಾನ್ ನದಿಗೇ ಮುಗಿಯಲಿಲ್ಲ. ೧೨೮೨ರಲ್ಲಿ ಸಿಸಿಲಿ ದ್ವೀಪದ ಜನರು ತಮ್ಮನ್ನಾಳುತ್ತಿದ್ದ ಫ್ರೆಂಚರ ಮೇಲೆ ದಂಗೆಯೆದ್ದಾಗ, ಕಡಲೆಗೆ ಅವರ ನುಡಿಯಲ್ಲಿರುವ 'ಚಿಚಿರಿ' ಎಂಬ ಶಬ್ದವನ್ನು ಹೇಳಿಸಿ, ಹೇಳಲಾರದವರನ್ನು ಕೊಂದರೆಂದು ಪ್ರತೀತಿಯಿದೆ. ೧೯೩೭ರ ಅಕ್ಟೋಬರದಲ್ಲಿ ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ತ್ರುಹಿಯೋನ ಆಜ್ಞೆಯಿಂದ ಗಡಿಭಾಗದಲ್ಲಿ ಸಾವಿರಾರು ಹೈತಿಯವರ ಕೊಲೆಯಾಯಿತು. ಅಲ್ಲಿ ಸೈನಿಕರು ನಮ್ಮ ಕೊತ್ತಂಬರಿಯನ್ನು ಹೋಲುವ ಒಂದು ಸೊಪ್ಪಿನ ಕಟ್ಟನ್ನು ಮುಂದೆ ಹಿಡಿದು 'ಇದೇನು?' ಎಂದು ಕೇಳುತ್ತಿದ್ದರಂತೆ. ಅದರ ಹೆಸರು 'ಪೆರೆಹಿಲ್'. ಅದರೊಳಗಿನ ರಕಾರವು ಹೈತಿಯವರ ನಾಲಗೆಗೆ ಬಾರದು. ೧೯೭೫ರಲ್ಲಿ ಲೆಬನಾನಿನಲ್ಲಿ ಅಂತರ್ಯುದ್ಧವು ಹೊತ್ತಿದಾಗ ದಾರಿಯ ತನಿಖೆಯ ಕಟ್ಟೆಗಳಲ್ಲಿ ಟೊಮೆಟೊ ಹಣ್ಣನ್ನು ತೋರಿಸಿ ಹೆಸರು ಕೇಳುತ್ತಿದ್ದರೆಂದು ಹೇಳುವುದುಂಟು. ಲೆಬನಾನಿನವರು ಒಂದು ಬಗೆಯಾಗಿ, ಪ್ಯಾಲೆಸ್ತೀನಿನವರು ಒಂದು ಬಗೆಯಾಗಿ ಅದನ್ನು ಉಚ್ಚರಿಸುತ್ತಾರೆ.

ತೆನೆ, ಕಡಲೆ, ಸೊಪ್ಪು, ಟೊಮೆಟೊ! ಇವೆಲ್ಲ ಸಂತೆಯ ಬುಟ್ಟಿಯೊಳಗಿನ ಶಬ್ದಗಳು. ತಾಯಿಯು ಮಗುವಿಗೆ ತುತ್ತಿನೊಡನೆ ಕಲಿಸಿದ ಶಬ್ದಗಳು. ಶಾಲೆಯಲ್ಲಿ ಕಲಿತ ಮಾತನ್ನು ತಿದ್ದಿಕೊಳ್ಳಬಹುದು. ತುತ್ತಿನೊಡನೆ ಕಲಿತುದನ್ನು ತಿದ್ದುವುದು ಕಠಿಣ. ಅದನ್ನರಿತೇ ಕೊಲೆಗಾರರು ಅಡಿಗೆಮನೆಯಿಂದ ಶಬ್ದವನ್ನು ಆರಿಸಿದರೋ ಏನೋ!

ಇಷ್ಟನ್ನು ತಿಳಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಕಾರಣವನ್ನು ಹೇಳುವ ಮೊದಲು ನಮ್ಮ ನಾಡಿನ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಬೇಕು. ಡಫಳೆ ಮನೆತನದವರ ಸಂಸ್ಥಾನವಾಗಿದ್ದ ಜತ್ತವು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೪೯ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. ೧೯೬೦ರಲ್ಲಿ ಆ ಜಿಲ್ಲೆಗೆ ಸಾಂಗಲಿಯೆಂದು ಹೆಸರಾಯಿತು. ೧೯೬೭ರ ಮಹಾಜನ ಆಯೋಗವು ತಾಲೂಕಿನ ಹಳ್ಳಿಗಳನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಸೂಚಿಸಿತ್ತಾದರೂ ಗೆರೆಯು ಇದ್ದಲ್ಲಿಯೇ ಉಳಿದಿದೆ. ಉಮದಿ, ಸಂಖ, ಗುಡ್ಡಾಪುರ, ಉಮರಾಣಿಗಳಲ್ಲಿ ಕನ್ನಡವು ಮನೆಮಾತು. ಪುಣೆಯ ಬಾಲಭಾರತಿಯು ಅಚ್ಚು ಹಾಕುವ ಕನ್ನಡ ಪುಸ್ತಕಗಳಿಂದ ನಮ್ಮ ಮಕ್ಕಳು ಓದುತ್ತಾರೆ. ಜೊತೆಗೆ ಮರಾಠಿಯನ್ನೂ ಕಲಿಯುತ್ತಾರೆ. ಒಂದೇ ಸಂತೆಯಲ್ಲಿ ಎರಡು ನುಡಿ, ಒಂದೇ ಮನೆಯಲ್ಲಿ ಎಷ್ಟೋ ಸಲ ಎರಡು ನುಡಿ. ಅಂದಮೇಲೆ ಇಲ್ಲಿ ಪ್ರತಿಯೊಬ್ಬನೂ ದಿನಕ್ಕೊಂದು ಹಾಯ್ಗಡವನ್ನು ದಾಟುವವನೇ.

ಮರಾಠಿಯಲ್ಲಿ 'ಜ' ಎಂಬ ಒಂದೇ ಅಕ್ಷರಕ್ಕೆ ಎರಡು ಉಚ್ಚಾರಗಳಿವೆ. ಒಂದು ನಮ್ಮ ಜಕಾರ; ಇನ್ನೊಂದು ನಾಲಗೆಯ ತುದಿಯನ್ನು ಹಲ್ಲಿನ ಬುಡಕ್ಕೆ ಒತ್ತಿ ಹೊರಡಿಸುವ, ದಕಾರದ ನೆರಳಿರುವ ಜಕಾರ. ಬರಹದಲ್ಲಿ ಭೇದವಿಲ್ಲ, ಬಾಯಲ್ಲಿ ಉಂಟು. ಗಡಿಯ ಎಷ್ಟೋ ಕನ್ನಡಿಗರ ಬಾಯಲ್ಲಿ ಎರಡೂ ಸಲೀಸಾಗಿ ಆಡುತ್ತವೆ. ನಮ್ಮ ಮನೆಯಲ್ಲಿ ಮಾತ್ರ ಒಂದೇ ಇದ್ದಿತು. ಜೋಳಕ್ಕೆ ಮರಾಠಿಯಲ್ಲಿ 'ಜೋಂಧಳಾ' ಎಂಬ ಹೆಸರುಂಟು. ಅದರ ಜಕಾರವು ಆ ಎರಡನೆಯ ಬಗೆಯದು.

ಹದಿನೇಳನೆಯ ವಯಸ್ಸಿನಲ್ಲಿ ನಾವು ಪಶ್ಚಿಮದ ಒಂದು ಊರಿಗೆ ಓದಲು ಹೋಗಿದ್ದೆವು. ಊಟದ ಮನೆಯಲ್ಲಿ ಯಾರೋ, ನಿಮ್ಮ ಕಡೆ ಏನು ಬೆಳೆಯುತ್ತದೆಂದು ಕೇಳಿದರು. 'ಜೋಂಧಳಾ' ಎಂದೆವು, ನಮ್ಮ ಮನೆಯ ಜಕಾರದಿಂದ. ಪಂಕ್ತಿಯೇ ನಕ್ಕಿತು. ಇನ್ನೊಮ್ಮೆ ಹೇಳು ಎಂದರು, ಹೇಳಿದೆವು. ಮತ್ತೊಮ್ಮೆ ಎಂದರು. ಮೂರನೆಯ ಸಲ ಕಣ್ಣಲ್ಲಿ ನೀರು ಬಂದು ಸಾರಿನ ವಾಟಿಯನ್ನು ನೋಡುತ್ತ ಕುಳಿತೆವು. ಅಂದಿನಿಂದ ಆ ಊರಿನಲ್ಲಿದ್ದಷ್ಟು ದಿನ ಜೋಳದ ಹೆಸರೆತ್ತಲಿಲ್ಲ. ಭಕ್ಕರಿ ಬೇಕಾದರೆ ಬೆರಳು ತೋರಿಸುತ್ತಿದ್ದೆವು. ಮುಂದೆ ಕೆಲವು ವರುಷಗಳಿಗೆ ಕರ್ನಾಟಕದ ದೊಡ್ಡ ನಗರವೊಂದರಲ್ಲಿ ನಡೆದ ಶಿಬಿರಕ್ಕೆ ಹೋದಾಗ, ತರಗತಿಗೆ 'ಇಯತ್ತೆ' ಎಂದುದನ್ನು ಕೇಳಿ, "ತಾವು ಮರಾಠಿಯವರೋ?" ಎಂದು ಸೌಜನ್ಯದಿಂದಲೇ ಕೇಳಿದರು. ಅತ್ತ ಕನ್ನಡಿಗ, ಇತ್ತ ಮರಾಠಿಗ! ಹೊಳೆಯ ಎರಡೂ ದಡಗಳಲ್ಲಿ ನಾವು ಪರೀಕ್ಷೆಯಲ್ಲಿ ನಪಾಸಾದೆವು.

ಇದು ನಮಗಾದ ನೋವು. ಇದನ್ನು ಹೇಳಿಕೊಳ್ಳುವುದು ಸುಲಭ. ನಿದ್ರೆಗೆಡಿಸಿದ್ದು ಇದಲ್ಲ.

ಆ ವರುಷ ಜೂನ್ ತಿಂಗಳಲ್ಲಿ ನಮ್ಮ ನಾಲ್ಕನೆಯ ಇಯತ್ತೆಗೆ ಒಬ್ಬ ಹೊಸ ಹುಡುಗನು ಬಂದಿದ್ದನು. ತಂದೆ ತೀರಿಕೊಂಡ ಬಳಿಕ ತಾಯಿಯು ಅವನನ್ನು ಕರೆದುಕೊಂಡು ನಮ್ಮೂರಿನ ತನ್ನ ತವರುಮನೆಗೆ ಬಂದಿದ್ದಳು. ತಂದೆಯ ಮನೆ ಮರಾಠಿಯದು. ಕನ್ನಡವನ್ನು ತಾಯಿಯಿಂದ ಕೇಳಿ ಬಲ್ಲನು, ಓದುವುದು ಹೊಸದು. ಆದರೂ ಮೂರು ತಿಂಗಳಲ್ಲಿ ಅಕ್ಷರಗಳನ್ನೆಲ್ಲ ಹಿಡಿದಿದ್ದನು. ಸೆಪ್ಟಂಬರದಲ್ಲಿ ಒಂದು ದಿನ ಅವನನ್ನು ಎಬ್ಬಿಸಿ, ನಮ್ಮ ಬೆಳೆಗಳ ಮೇಲಿನ ಪಾಠವನ್ನು ಗಟ್ಟಿಯಾಗಿ ಓದಲು ಹೇಳಿದೆವು. 'ಜೋಳ' ಎಂಬಲ್ಲಿ ಅವನ ನಾಲಗೆ ತಂದೆಯ ಮನೆಯ ಜಕಾರವನ್ನು ನುಡಿಯಿತು. ಹಿಂದಿನ ಸಾಲಿನಲ್ಲಿ ಯಾರೋ ಅದನ್ನು ಅಣಕಿಸಿದರು. ತರಗತಿಯು ಘೊಳ್ಳೆಂದಿತು. ನಾವು ಏನು ಮಾಡಬೇಕಾಗಿತ್ತು ಎಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ಏನು ಮಾಡಿದೆವೆಂಬುದನ್ನು ಹೇಳುತ್ತೇವೆ. ನಾವೂ ನಕ್ಕೆವು. ನಕ್ಕು, "ಇನ್ನೊಮ್ಮೆ ಹೇಳಪಾ" ಎಂದೆವು.

ಇನ್ನೊಮ್ಮೆ! ಅದೇ ಮಾತು. ಊಟದ ಮನೆಯ ಪಂಕ್ತಿಯಲ್ಲಿ ನಾವು ಕೇಳಿದ್ದ ಮಾತೇ ನಮ್ಮ ಬಾಯಿಂದ ಬಂದಿತು; ಬಂದುದು ನಮಗೆ ತಿಳಿಯಲಿಲ್ಲ. ಅಂದು ಹುಡುಗನು ಪುಸ್ತಕವನ್ನು ಮುಚ್ಚಿ ಕುಳಿತನು. ಮರುದಿನದಿಂದ ಹಾಜರಿ ಕರೆದಾಗ ಕೈಯೆತ್ತುತ್ತಿದ್ದನೇ ಹೊರತು ಬಾಯಿ ತೆರೆಯಲಿಲ್ಲ. ನಾಚಿಕೆಯ ಸ್ವಭಾವವೆಂದು ನಾವು ಸುಮ್ಮನಾದೆವು. ದೀಪಾವಳಿಗೆ ಸ್ವಲ್ಪ ಮೊದಲು ಅವನ ಅಜ್ಜನು ದಾರಿಯಲ್ಲಿ ಕಂಡು, "ಮಾಸ್ತರ್ರ, ಹುಡುಗ ಸಾಲೀಗಿ ಒಲ್ಲೆ ಅಂತಾನ್ರಿ. ಯಾಕಂತ ಕೇಳಿದ್ರ ಹೇಳವೊಲ್ಲ. ನೀವರ ಒಂದ್ಮಾತು ಕೇಳ್ರಿ" ಎಂದಿದ್ದನು. ಕೇಳೋಣವೆಂದು ಹೇಳಿ ಮರೆತಿದ್ದೆವು.

ನ್ಯಾಯಸ್ಥಾಪಕರ ಹನ್ನೆರಡನೆಯ ಅಧ್ಯಾಯವನ್ನು ಮುಚ್ಚಿ ದೀಪವನ್ನು ಆರಿಸಿದಾಗ ಆ ಮುದುಕನ ಮುಖವು ಎದುರಿಗೆ ನಿಂತಿತು. ಇಷ್ಟು ದಿನ ನಾವು ಹಾಯ್ಗಡದಲ್ಲಿ ನದಿ ದಾಟಲು ಬಂದವರೆಂದೇ ನಮ್ಮನ್ನು ಭಾವಿಸಿಕೊಂಡಿದ್ದೆವು. ಅಂದು ನಾವು ಹಾಯ್ಗಡವನ್ನು ಕಾದು ನಿಂತವರ ಕಡೆಗಿದ್ದೆವು. ಕತ್ತಿಯ ಬದಲು ಕೈಯಲ್ಲಿ ಖಡು ಇದ್ದಿತು, ಅಷ್ಟೆ.

ಶುದ್ಧ ಉಚ್ಚಾರವನ್ನು ಕಲಿಸುವುದು ಶಿಕ್ಷಕನ ಧರ್ಮವಲ್ಲವೆ ಎಂದು ಯಾರಾದರೂ ಕೇಳಬಹುದು. ಅಹುದು. ಆದರೆ ಶುದ್ಧಿಯೆಂಬುದು ಕಲ್ಲಿನ ಗೆರೆಯಲ್ಲ. ೯೪೧ರಲ್ಲಿ ಆದಿಪುರಾಣವನ್ನು ಬರೆದ ಪಂಪನು ಇಂದು ನಮ್ಮ ಮನೆಗೆ ಬಂದು ಹಾಲು ಬೇಡಿದರೆ 'ಪಾಲ್' ಎಂದಾನು. ನಾವು ಕಣ್ಣು ಕಣ್ಣು ಬಿಟ್ಟೇವು. ಅವನ ಪಕಾರಗಳೆಷ್ಟೋ ನಮ್ಮ ಬಾಯಲ್ಲಿ ಹಕಾರಗಳಾಗಿವೆ. ಅವನು ನುಡಿಯುತ್ತಿದ್ದ ಱ ಮತ್ತು ೞ ಎಂಬ ಅಕ್ಷರಗಳು ನಮ್ಮ ವರ್ಣಮಾಲೆಯಿಂದಲೇ ಹೋಗಿವೆ. ಪಂಪನ ಹಾಯ್ಗಡದಲ್ಲಿ ನಾವೆಲ್ಲರೂ ಎಫ್ರಾಯೀಮಿನವರೇ. ತಿದ್ದುವುದು ಬೇಡವೆಂದು ನಾವು ಹೇಳುವುದಿಲ್ಲ. ತಿದ್ದುವವನು ಮಗುವನ್ನು ತನ್ನ ದಡಕ್ಕೆ ಕೈಹಿಡಿದು ಕರೆದುಕೊಳ್ಳುತ್ತಾನೆ. ನಗುವವನು ಅದನ್ನು ನೀರಿನಲ್ಲಿಯೇ ನಿಲ್ಲಿಸುತ್ತಾನೆ.

ಮರುದಿನ ಹುಡುಗನ ಮನೆಗೆ ಹೋದೆವು. ಅವನು ಕಟ್ಟಿಗೆಯ ಒಟ್ಟಲಿನ ಹಿಂದೆ ಅಡಗಿದನು. ಒತ್ತಾಯ ಮಾಡಲಿಲ್ಲ. ಅಜ್ಜನ ಮುಂದೆ ನಡೆದುದನ್ನು ನಡೆದಂತೆ ಹೇಳಿ, ತಪ್ಪು ನಮ್ಮದೆಂದು ಒಪ್ಪಿಕೊಂಡೆವು. ಮುದುಕನು ಬಹಳ ಹೊತ್ತು ಸುಮ್ಮನಿದ್ದು, "ಆತು ಬಿಡ್ರಿ. ಸೀತನಿ ಬಂದಾಗ ಹೊಲಕ್ಕ ಬರ್ರಿ" ಎಂದಷ್ಟೇ ನುಡಿದನು. ಬಿಡುವು ಮುಗಿದ ಮೇಲೆ ಹುಡುಗನು ಶಾಲೆಗೆ ಬಂದನು. ಆದರೆ ಬಾಯಿ ಮುಚ್ಚಿಯೇ ಇದ್ದಿತು.

ಜನವರಿಯಲ್ಲಿ ಹಿಂಗಾರಿ ಜೋಳ ಹಾಲುಗಾಳಿಗೆ ಬಂದಾಗ ತರಗತಿಯ ಮಕ್ಕಳನ್ನೆಲ್ಲ ಕರೆದುಕೊಂಡು ಆ ಮುದುಕನ ಹೊಲಕ್ಕೆ ಹೋದೆವು. ಕುಳ್ಳಿನ ಕೆಂಡದಲ್ಲಿ ಎಳೆಯ ತೆನೆಗಳನ್ನು ಸುಟ್ಟು, ಅಂಗೈಯಲ್ಲಿ ತಿಕ್ಕಿ ಊದಿ, ಬೆಲ್ಲ ಹಾಗೂ ಶೇಂಗಾದ ಹಿಂಡಿಯೊಡನೆ ತಿನ್ನುವ ಸೀತನಿಯ ಸುಖವನ್ನು ನಮ್ಮ ಓದುಗರಿಗೆ ವರ್ಣಿಸಬೇಕಾಗಿಲ್ಲ. ಸೀ ತೆನೆಯೇ ಸೀತನಿಯಾಯಿತೆಂದು ಮಕ್ಕಳಿಗೆ ಹೇಳಿದೆವು. ಬಳಿಕ ಹುಡುಗನ ಪಕ್ಕದಲ್ಲಿ ಕುಳಿತು, ಒಂದು ತೆನೆಯನ್ನು ಎತ್ತಿ ಹಿಡಿದು, "ತಮ್ಮಾ, ಇದಕ್ಕ ನಿಮ್ಮಪ್ಪನ ಮನ್ಯಾಗ ಏನಂತಿದ್ರು? ನನಗ ಅನ್ನಾಕ ಬರೂದಿಲ್ಲ. ಕಲಸ್ತೀಯೇನು?" ಎಂದೆವು.

ಅವನು ನಮ್ಮ ಮೋರೆಯನ್ನು ನೋಡಿದನು. ಅಣಕವಿಲ್ಲವೆಂದು ಖಚಿತವಾಗುವವರೆಗೆ ನೋಡಿದನು. ಆಮೇಲೆ ಮೆಲ್ಲಗೆ, "ಜೋಂಧಳಾ" ಎಂದನು. ನಾವು ಹೇಳಿದೆವು, ತಪ್ಪಾಯಿತು. "ಹಂಗಲ್ರಿ, ನಾಲಿಗಿ ಹಲ್ಲಿಗಿ ಹಚ್ಚರಿ" ಎಂದನು. ಹಚ್ಚಿದೆವು, ಮತ್ತೂ ತಪ್ಪಾಯಿತು. ಮಕ್ಕಳೆಲ್ಲ ನಕ್ಕರು. ಈ ಸಲ ನಗುವು ನಮ್ಮ ಮೇಲಿದ್ದಿತು, ಹುಡುಗನೂ ನಕ್ಕನು. ನಾಲ್ಕು ತಿಂಗಳ ಮೇಲೆ ಅವನ ಹಲ್ಲುಗಳನ್ನು ನಾವು ಕಂಡುದು ಅಂದೇ. ಸಂಜೆಯವರೆಗೆ ಇಡೀ ತರಗತಿ ಅವನ ಶಿಷ್ಯವರ್ಗವಾಗಿದ್ದಿತು. ಹಿಂದಿನ ಸಾಲಿನ ಅಣಕದವನಿಗೆ ಎಲ್ಲರಿಗಿಂತ ಮೊದಲು ಆ ಜಕಾರ ಒಲಿಯಿತೆಂಬುದನ್ನು ಇಲ್ಲಿ ದಾಖಲಿಸಬೇಕು. ನಮಗೆ ಇನ್ನೂ ಒಲಿದಿಲ್ಲ.

ನಮ್ಮ ತಾಲೂಕಿನ ಗುಡ್ಡಾಪುರದಲ್ಲಿ ದಾನಮ್ಮದೇವಿಯ ಗುಡಿಯಿದೆ. ಉಮರಾಣಿಯಲ್ಲಿ ಹುಟ್ಟಿದ ಆ ಶರಣೆಯ ಜಾತ್ರೆಗೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಜನರು ನಡೆದು ಬರುತ್ತಾರೆ. ದಾಸೋಹದ ಪಂಕ್ತಿಯಲ್ಲಿ ಕುಳಿತವನಿಗೆ ಬಡಿಸುವವರು ಅನ್ನದ ಹೆಸರನ್ನು ಹೇಳಿಸಿ ನೋಡುವುದಿಲ್ಲ. ಎಲೆ ಇದೆಯೇ ಎಂದಷ್ಟೇ ನೋಡುತ್ತಾರೆ. ಅನ್ನದ ಶಬ್ದವನ್ನು ಅನ್ನಕ್ಕಾಗಿಯೇ ಬಳಸುವ ಪದ್ಧತಿಯು ನಮ್ಮ ಮನೆಯ ಹತ್ತಿರವೇ ಇರುವಾಗ ನಾವು ಅದನ್ನು ಶಾಲೆಯ ಒಳಗೆ ತರಲು ಮರೆತಿದ್ದೆವು.

ಕಾಲೇಜಿನ ವಿದ್ಯಾರ್ಥಿಗೆ ಉತ್ತರವನ್ನು ಬರೆಯಬೇಕಾಗಿದ್ದಿತು. ಗುರುತುನುಡಿ, ಒರೆಮಾತು, ಸಂಕೇತಪದ ಎಂದು ಹಲವನ್ನು ಬರೆದು ಹೊಡೆದು ಹಾಕಿದೆವು. ಕೊನೆಗೆ 'ಹಾಯ್ಗಡದ ಮಾತು' ಎಂದು ಬರೆದು ಕಳುಹಿಸಿದ್ದೇವೆ. ಅವನ ಪ್ರಾಧ್ಯಾಪಕರು ಒಪ್ಪುವರೋ ಇಲ್ಲವೋ ನಾವರಿಯೆವು. ಕೆಳಗೆ ಒಂದು ಸಾಲನ್ನು ಸೇರಿಸಿದ್ದೇವೆ: ಶಬ್ದದ ಮೊದಲನೆಯ ಅರ್ಥ ತೆನೆ, ಪರೀಕ್ಷೆಯಲ್ಲಿ ಬರೆಯುವಾಗ ಅದನ್ನು ಬಿಡಬೇಡ.